ಓದುಗರ ಪ್ರಶ್ನೆ: ಇಟಲಿಯ ಭಯಾನಕ ಚಿತ್ರಗಳಿಂದ ಕಣ್ಣು ಕೀಳಲಾಗದೇಕೆ?

ಪ್ರಶ್ನೆ: 1960–70ರ ದಶಕಗಳ ಇಟಲಿಯ ಭಯಾನಕ ಚಿತ್ರಗಳನ್ನು ಹುಡುಕಿ ನೋಡುವ ಹವ್ಯಾಸ ನನ್ನದು. ನಿಜಜೀವನದಲ್ಲಿ ಸಣ್ಣ ಗಾಯವನ್ನೂ ನೋಡಲಾರದವಳು ನಾನು. ಆದರೆ ತೆರೆಯ ಮೇಲಿನ ಆ ಕೊಲೆಗಳಿಂದ ಕಣ್ಣು ಕೀಳುವುದು ಸಾಧ್ಯವಾಗುವುದಿಲ್ಲ. ಮನೆಯವರು ಇದನ್ನು ವಿಕೃತಿ ಎನ್ನುತ್ತಾರೆ. ಈ ಚಿತ್ರಗಳಲ್ಲಿ ಅಂಥದ್ದೇನಿದೆ?

ಉತ್ತರ: ನಿಜವಾದ ಗಾಯವನ್ನು ನೋಡಲಾರಿರಿ ಎಂದು ನೀವೇ ಬರೆದಿರುವುದರಿಂದ, ನಿಮ್ಮದು ವಿಕೃತಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾಟ್ಯಶಾಸ್ತ್ರದ ಕರ್ತೃ ಭರತನು ಭಯಾನಕ ಮತ್ತು ಬೀಭತ್ಸ ರಸಗಳನ್ನು ಶೃಂಗಾರ, ಕರುಣಗಳ ಸಾಲಿನಲ್ಲಿಯೇ ಇರಿಸಿ, ಜುಗುಪ್ಸೆಯನ್ನೂ ಒಂದು ಸ್ಥಾಯಿಭಾವವೆಂದು, ಅಂದರೆ ರಸಕ್ಕೆ ಮೂಲವಾದ ಭಾವವೆಂದು ಎಣಿಸಿದ್ದಾನೆ. ಬದುಕಿನಲ್ಲಿ ನಮ್ಮನ್ನು ಹಿಮ್ಮೆಟ್ಟಿಸುವುದು ಕಲೆಯಲ್ಲಿ ಆಸ್ವಾದಕ್ಕೆ ಒದಗಬಲ್ಲದು. ಹಾಗೆ ಒದಗಿಸುವ ಕುಶಲತೆ ಚಿತ್ರದಲ್ಲಿದೆಯೇ ಎಂಬುದಷ್ಟೇ ಪ್ರಶ್ನೆ.

ಇಟಲಿಯ ಅತ್ಯುತ್ತಮ ನಿರ್ದೇಶಕರಲ್ಲಿ ಆ ಕುಶಲತೆ ಧಾರಾಳವಾಗಿತ್ತು. ಮಾರಿಯೊ ಬಾವಾ ಮೂಲತಃ ಛಾಯಾಗ್ರಾಹಕ. ಫ್ಯಾಷನ್ ಸಂಸ್ಥೆಯೊಂದರ ರೂಪದರ್ಶಿಯರ ಸರಣಿ ಕೊಲೆಯ ಕಥೆಯನ್ನು 1964ರಲ್ಲಿ ತೆರೆಗೆ ತಂದಾಗ ಅವರು ಕೊಲೆಗಾರನ ಮುಖವನ್ನು ಬಿಳಿಯ ಮುಸುಕಿನಿಂದ ಮುಚ್ಚಿ, ಎಲ್ಲಿಂದ ಬರುತ್ತಿದೆಯೆಂದು ಹೇಳಲಾಗದ ಕೆಂಪು, ಹಸಿರು, ನೇರಳೆ ಬೆಳಕಿನಿಂದ ಕೋಣೆಗಳನ್ನು ತುಂಬಿದರು. ದಾರಿಯೊ ಅರ್ಜೆಂತೊ 1977ರ ‘ಸುಸ್ಪಿರಿಯಾ’ದಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಆ ವೇಳೆಗೆ ಬಹುತೇಕ ಬಳಕೆ ತಪ್ಪಿದ್ದ ಟೆಕ್ನಿಕಲರ್ ಮುದ್ರಣ ವಿಧಾನವನ್ನು ಅವರೂ ಛಾಯಾಗ್ರಾಹಕ ಲುಚಾನೊ ತೊವೊಲಿಯವರೂ ಆರಿಸಿಕೊಂಡಿದ್ದರಿಂದಲೇ ಅದರ ಕೆಂಪು ಅಷ್ಟು ಗಾಢವಾಗಿದೆ. ಗಾಬ್ಲಿನ್ ತಂಡದ ಸಂಗೀತವಂತೂ ಹಿನ್ನೆಲೆಯಲ್ಲಿ ಉಳಿಯದೆ ಪ್ರೇಕ್ಷಕನ ಮೇಲೆಯೇ ಎರಗುತ್ತದೆ. ಆ ಕಾಲದ ಇಟಲಿಯಲ್ಲಿ ಸಂಭಾಷಣೆಯನ್ನು ಚಿತ್ರೀಕರಣದ ನಂತರ ಡಬ್ ಮಾಡುವುದೇ ರೂಢಿಯಾಗಿದ್ದುದರಿಂದ ದನಿ ತುಟಿಗಳಿಂದ ತುಸು ಕಳಚಿಕೊಂಡಂತೆ ಕೇಳಿಸುತ್ತದೆ. ಬೇರೆ ಚಿತ್ರಗಳಲ್ಲಿ ದೋಷವೆನಿಸುವ ಇದು ಇಲ್ಲಿ ದುಃಸ್ವಪ್ನದ ಭಾವವನ್ನು ಹೆಚ್ಚಿಸುತ್ತದೆ.

ಕಣ್ಣು ಕೀಳಲಾಗದಿರುವ ವಿಚಾರಕ್ಕೆ ಬಂದರೆ, ಅದನ್ನೇ ಕಥಾವಸ್ತುವಾಗಿಸಿದ ಒಂದು ದೃಶ್ಯ ಅರ್ಜೆಂತೊ ಅವರ ಮೊದಲ ಚಿತ್ರದಲ್ಲಿಯೇ (1970) ಇದೆ. ರೋಮ್ ನಗರದಲ್ಲಿ ನೆಲೆಸಿದ ಅಮೆರಿಕದ ಲೇಖಕನೊಬ್ಬ ರಾತ್ರಿ ಕಲಾ ಗ್ಯಾಲರಿಯೊಂದರೊಳಗೆ ನಡೆಯುತ್ತಿರುವ ಹಲ್ಲೆಯನ್ನು ಕಂಡು ಧಾವಿಸುತ್ತಾನೆ, ಆದರೆ ಎರಡು ಗಾಜಿನ ಬಾಗಿಲುಗಳ ನಡುವೆ ಸಿಕ್ಕಿಬೀಳುತ್ತಾನೆ. ಎಲ್ಲವೂ ಕಾಣುತ್ತದೆ, ಏನನ್ನೂ ಮಾಡಲಾಗದು. ಇದು ಸಿನಿಮಾ ಪ್ರೇಕ್ಷಕನ ಸ್ಥಿತಿಯೇ ಹೌದು. ತಾನು ಕಂಡದ್ದರಲ್ಲಿ ಏನೋ ಸರಿಹೊಂದುತ್ತಿಲ್ಲವೆಂಬ ಅಳುಕು ಅವನನ್ನು ಚಿತ್ರದುದ್ದಕ್ಕೂ ಕಾಡುತ್ತದೆ, ಮತ್ತು ಕೊನೆಯಲ್ಲಿ ಅವನು ಆ ದೃಶ್ಯವನ್ನೇ ತಪ್ಪಾಗಿ ಅರ್ಥೈಸಿಕೊಂಡಿದ್ದನೆಂದು ತಿಳಿಯುತ್ತದೆ. ಅವನ ಜೊತೆ ನಾವೂ ಮೋಸಹೋಗಿರುತ್ತೇವೆ. ಮುಂದೆ ಪ್ರತಿಯೊಂದು ಚೌಕಟ್ಟನ್ನೂ ಎವೆಯಿಕ್ಕದೆ ನೋಡುವಂತೆ ಮಾಡುವುದು ಈ ಅಪನಂಬಿಕೆಯೇ ಎಂದು ನಾನು ತಿಳಿದಿದ್ದೇನೆ. ಇನ್ನೊಬ್ಬ ನಿರ್ದೇಶಕ ಲೂಚೊ ಫುಲ್ಚಿಯವರ ದಾರಿ ಬೇರೆ. ಅವರ 1980ರ ಆಸುಪಾಸಿನ ಚಿತ್ರಗಳಲ್ಲಿ ಕಾರ್ಯಕಾರಣ ಸಂಬಂಧವೇ ಕುಸಿದು, ಸತ್ತವರು ಏಕೆ ಎದ್ದರೆಂಬುದಕ್ಕೆ ತೃಪ್ತಿಕರ ಉತ್ತರ ಸಿಗದೆ, ಭೀತಿಯೊಂದೇ ಉಳಿಯುತ್ತದೆ.

ಹಾಗೆಂದು ಈ ಪರಂಪರೆಯ ಎಲ್ಲವನ್ನೂ ನಾನು ಸಮರ್ಥಿಸಲಾರೆ. ಹೆಣ್ಣಿನ ಸಾವನ್ನು ಇಷ್ಟೊಂದು ಅಲಂಕರಿಸಿ, ಇಷ್ಟು ದೀರ್ಘವಾಗಿ ತೋರಿಸುವ ಚಾಳಿ ಇಂದು ನೋಡುವಾಗ ಕಸಿವಿಸಿ ಉಂಟುಮಾಡುತ್ತದೆ, ಮಾಡಲೂಬೇಕು. ಚಿತ್ರವನ್ನು ಮೆಚ್ಚುತ್ತಲೇ ಅದರೊಡನೆ ಜಗಳವಾಡಲು ಅಡ್ಡಿಯಿಲ್ಲ.

ಪ್ರಶ್ನೆ: ‘ಕ್ಯಾನಿಬಲ್ ಹೋಲೋಕಾಸ್ಟ್’ ಚಿತ್ರೀಕರಣದಲ್ಲಿ ನಟರನ್ನು ನಿಜವಾಗಿ ಕೊಂದರೆಂದು ಕೇಳಿದ್ದೇನೆ. ಇದು ನಿಜವೇ? ಆ ಚಿತ್ರವನ್ನು ನೋಡಬಹುದೇ?

ಉತ್ತರ: ನಟರನ್ನು ಕೊಂದಿಲ್ಲ. 1980ರಲ್ಲಿ ಚಿತ್ರ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಇಟಲಿಯ ಅಧಿಕಾರಿಗಳು ಅದನ್ನು ಮುಟ್ಟುಗೋಲು ಹಾಕಿಕೊಂಡರು. ಕೊಲೆಯ ಶಂಕೆಯೂ ಎದ್ದಾಗ, ನಿರ್ದೇಶಕ ರುಜೆರೊ ದೆಯೊದಾತೊ ತಮ್ಮ ನಟರು ಬದುಕಿದ್ದಾರೆಂದು ಸಾಬೀತುಪಡಿಸಬೇಕಾಯಿತು. ಕಾಡಿನಲ್ಲಿ ಕಾಣೆಯಾದ ಚಿತ್ರತಂಡವೊಂದು ಬಿಟ್ಟುಹೋದ ರೀಲುಗಳೆಂಬ ನೆಪದಲ್ಲಿ ಕಥೆ ಹೇಳುವ ಆ ತಂತ್ರ ಅಷ್ಟು ನಂಬಿಕೆ ಹುಟ್ಟಿಸಿತ್ತು.

ಆದರೆ ಆಮೆಯೊಂದನ್ನೂ ಒಳಗೊಂಡಂತೆ ಹಲವು ಪ್ರಾಣಿಗಳನ್ನು ಕ್ಯಾಮೆರಾದ ಮುಂದೆ ನಿಜವಾಗಿಯೇ ಕೊಲ್ಲಲಾಗಿದೆ. ಮೇಲಿನ ಉತ್ತರದಲ್ಲಿ ನಾನು ಹೇಳಿದ ಆಸ್ವಾದದ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಇಲ್ಲಿ ತೆರೆಯ ಮೇಲಿರುವುದು ಅಭಿನಯವಲ್ಲ, ಸಾವು. ಸುದ್ದಿಗಾಗಿ ಕ್ರೌರ್ಯವೆಸಗುವ ಚಿತ್ರತಂಡವನ್ನು ಖಂಡಿಸುವ ಕಥೆ ತಾನೇ ಅಂಥ ಕ್ರೌರ್ಯಕ್ಕೆ ಇಳಿದದ್ದು ಅದರ ವಾದವನ್ನೇ ಹುಸಿಗೊಳಿಸುತ್ತದೆ. ಬ್ರಿಟನ್ನಿನ ಸೆನ್ಸಾರ್ ಮಂಡಳಿ 2011ರಲ್ಲಿ ಅದನ್ನು ವಯಸ್ಕರಿಗೆಂದು ಬಿಡುಗಡೆಗೊಳಿಸುವಾಗ, ಒಂದು ಪ್ರಾಣಿಯ ಹತ್ಯೆಯ ಸುಮಾರು 15 ಸೆಕೆಂಡುಗಳನ್ನು ಮಾತ್ರ ಕತ್ತರಿಸಿತು. ನನ್ನ ಅಭಿಪ್ರಾಯದಲ್ಲಿ ಉಳಿದ ಹತ್ಯೆಗಳೂ ಹೋಗಬೇಕಿತ್ತು. ನಿಷೇಧವನ್ನು ನಾನು ಬೆಂಬಲಿಸುವುದಿಲ್ಲ, ಆದರೆ ಚಿತ್ರವನ್ನು ನೋಡಿರೆಂದು ಶಿಫಾರಸು ಮಾಡುವುದೂ ಇಲ್ಲ. ಈ ಪರಂಪರೆಗೆ ಹೊಸಬರಾದವರು ಬಾವಾ ಅವರಿಂದ ಆರಂಭಿಸುವುದು ಒಳ್ಳೆಯದು.