ಬೆಳಿಗ್ಗೆಯಿಂದ ಬರೀ ತರಕಾರಿ, ರಾತ್ರಿ ಒಂಬತ್ತಕ್ಕೆ ಫ್ರಿಜ್ ಮುಂದೆ

ತೂಕ ಇಳಿಸಲು ನನ್ನ ಹತ್ತಿರ ಊಟದ ಸಲಹೆಗೆ ಬಂದ ಒಬ್ಬರ ಕಥೆ ಇದು. ಹೆಸರು, ವಯಸ್ಸು, ಕೆಲಸ, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಸುಮಾ ಅಂತ ಕರೆಯುತ್ತೇನೆ.

ಸುಮಾ ಅವರಿಗೆ ನಲವತ್ತು ದಾಟಿದೆ. ದಿನವಿಡೀ ಕೂತು ಮಾಡುವ ಲೆಕ್ಕಪತ್ರದ ಕೆಲಸ, ಮನೆಯಲ್ಲಿ ಗಂಡ ಮತ್ತು ಇಬ್ಬರು ಮಕ್ಕಳು. ತೂಕ 84 ಕೆಜಿ. ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದೀರಿ, ತೂಕ ಇಳಿಸಿ ಅಂತ ಡಾಕ್ಟರ್ ಹೇಳಿದ್ದರು. ಮಾಂಸ, ಮೊಟ್ಟೆ, ಹಾಲು ಎಲ್ಲಾ ಬಿಟ್ಟು, ತರಕಾರಿಯೇ ಜಾಸ್ತಿ ಇರುವ ಊಟ ಮಾಡುತ್ತೇನೆ ಅಂತ ಅವರೇ ತೀರ್ಮಾನ ಮಾಡಿದ್ದರು. ಒಳ್ಳೆಯ ತೀರ್ಮಾನವೇ. ಆದರೆ ನಡೆಯುತ್ತಿದ್ದದ್ದು ಹೀಗೆ: ಎರಡು ವಾರ ತುಂಬಾ ಕಟ್ಟುನಿಟ್ಟು, ಆಮೇಲೆ ಒಂದು ರಾತ್ರಿ ಕೈಗೆ ಸಿಕ್ಕಿದ್ದೆಲ್ಲಾ ತಿಂದುಬಿಡುವುದು, ಇನ್ನೇನು ಎಲ್ಲಾ ಹಾಳಾಯಿತು ಅಂತ ಮಾರನೇ ದಿನದಿಂದ ಪೂರ್ತಿ ಕೈಬಿಡುವುದು, ಒಂದೆರಡು ತಿಂಗಳು ಕಳೆದ ಮೇಲೆ ಮತ್ತೆ ಶುರು ಮಾಡುವುದು. ವರ್ಷಗಟ್ಟಲೆ ಇದೇ ಕಥೆ.

ಬಂದು ಕೂತವರೇ ಹೇಳಿದರು, "ಮೇಡಂ, ನನ್ನ ಮನಸ್ಸು ಗಟ್ಟಿ ಇಲ್ಲ. ಅದನ್ನ ಗಟ್ಟಿ ಮಾಡ್ಕೊಳ್ಳೋದು ಹೇಗೆ ಅಂತ ಹೇಳಿಕೊಡಿ."

ಈ ಮಾತನ್ನು ನಾನು ತುಂಬಾ ಜನರಿಂದ ಕೇಳಿದ್ದೇನೆ, ಪ್ರತಿ ಸಲವೂ ಬೇಜಾರಾಗುತ್ತದೆ. ನಸುಕಿಗೇ ಎದ್ದು ಎಲ್ಲರಿಗೂ ಅಡುಗೆ ಮಾಡಿಟ್ಟು, ಆಫೀಸಿನ ಲೆಕ್ಕವನ್ನು ತಿಂಗಳು ತಿಂಗಳೂ ಸರಿಯಾಗಿ ಮುಗಿಸುವವರ ಮನಸ್ಸು ಗಟ್ಟಿ ಇಲ್ಲ ಅಂದರೆ ಹೇಗೆ ಒಪ್ಪುವುದು? ಮನಸ್ಸಿನ ವಿಷಯ ಆಮೇಲೆ ನೋಡೋಣ, ಮೊದಲು ಒಂದು ವಾರ ತಿಂದದ್ದನ್ನೆಲ್ಲಾ ಬರೆದುಕೊಂಡು ಬನ್ನಿ ಅಂದೆ. ಏನನ್ನೂ ಮುಚ್ಚಿಡಬೇಡಿ, ನಾನು ಮಾರ್ಕ್ಸ್ ಕೊಡುವುದಿಲ್ಲ ಅಂತಲೂ ಹೇಳಿದೆ.

ಬರೆದುಕೊಂಡು ಬಂದರು. ಒಂದು ಮಂಗಳವಾರದ ಪುಟ ಇಲ್ಲಿದೆ. ಬೆಳಿಗ್ಗೆ ಸೌತೆಕಾಯಿ, ಸೊಪ್ಪು, ನಿಂಬೆರಸ ಹಾಕಿ ಅರೆದ ಒಂದು ದೊಡ್ಡ ಲೋಟ ಜ್ಯೂಸ್. ಮಧ್ಯಾಹ್ನ ಹಸಿ ತರಕಾರಿ, ದೊಡ್ಡ ಡಬ್ಬಿ ತುಂಬಾ: ಕ್ಯಾರೆಟ್, ಟೊಮೆಟೊ, ಸೌತೆಕಾಯಿ, ಎಲೆಕೋಸು. ಎಣ್ಣೆ ಒಂದು ಹನಿಯೂ ಇಲ್ಲ, ಕಾಳು ಇಲ್ಲ, ಧಾನ್ಯವೂ ಇಲ್ಲ. ನಾಲ್ಕು ಗಂಟೆಗೆ ಹಾಲಿಲ್ಲದ ಟೀ. ಏಳಕ್ಕೆ ಮನೆ. ರಾತ್ರಿ ಊಟಕ್ಕೆ ಬೇಯಿಸಿದ ಹೂಕೋಸು, ಬೀನ್ಸ್. ಒಂಬತ್ತಕ್ಕೆ ಮಕ್ಕಳು ಬಿಟ್ಟ ಬ್ರೆಡ್, ಬಿಸ್ಕತ್ತು, ಚಿಪ್ಸ್, ಅರ್ಧ ಡಬ್ಬಿ ಗೋಡಂಬಿ. ಈ ಕೊನೆಯ ಸಾಲನ್ನು ಬರೆದು, ಹೊಡೆದು ಹಾಕಿ, ಮತ್ತೆ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು.

ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಹಸಿ ತರಕಾರಿಯಲ್ಲಿ 100 ಗ್ರಾಂಗೆ ಹೆಚ್ಚೆಂದರೆ 20ರಿಂದ 40 ಕ್ಯಾಲರಿ ಇರುತ್ತದೆ, ಸೌತೆಕಾಯಿಯಲ್ಲಂತೂ 15 ಅಷ್ಟೇ. ಆ ದೊಡ್ಡ ಡಬ್ಬಿಯಲ್ಲಿ ಅರ್ಧ ಕೆಜಿ ಇತ್ತು ಅಂದುಕೊಂಡರೂ ಅಬ್ಬಬ್ಬಾ ಅಂದರೆ 200 ಕ್ಯಾಲರಿ. ಬೆಳಿಗ್ಗೆಯ ಜ್ಯೂಸ್ ಸೇರಿಸಿದರೂ ಸಂಜೆ ಏಳರ ತನಕ ಅವರ ಹೊಟ್ಟೆಗೆ ಹೋಗಿದ್ದು 300 ಕ್ಯಾಲರಿ ದಾಟುವುದಿಲ್ಲ, ಪ್ರೋಟೀನ್ ಬರೀ ಹತ್ತು ಗ್ರಾಂ ಆಸುಪಾಸು. 84 ಕೆಜಿ ತೂಕದ ಹೆಂಗಸು ಹದಿಮೂರು ಹದಿನಾಲ್ಕು ಗಂಟೆ ಕಾಲ ಇಷ್ಟರಲ್ಲೇ ಓಡಾಡಿದ್ದಾರೆ. ರಾತ್ರಿ ಒಂಬತ್ತಕ್ಕೆ ದೇಹ ಕೇಳದೆ ಇನ್ನೇನು ಮಾಡುತ್ತದೆ? ಆ ಅರ್ಧ ಡಬ್ಬಿ ಗೋಡಂಬಿ 100 ಗ್ರಾಂ ಇದ್ದಿದ್ದರೆ ಅದೊಂದರಲ್ಲೇ 550 ಕ್ಯಾಲರಿ. ಬ್ರೆಡ್, ಚಿಪ್ಸ್ ಬೇರೆ. ಹಗಲೆಲ್ಲಾ ಉಳಿಸಿದ್ದು ಇಪ್ಪತ್ತೇ ನಿಮಿಷದಲ್ಲಿ ಹೋಯಿತು, ಜೊತೆಗೆ ನಾನು ಕೆಟ್ಟವಳು ಅನ್ನುವ ಭಾವನೆ ಉಳಿಯಿತು.

ಸಲಹೆಗೆ ಮೊದಲು ಇನ್ನೂ ಕೆಲವು ವಿಷಯ ಕೇಳಲೇಬೇಕಿತ್ತು. ರಾತ್ರಿ ತಿಂದ ಮೇಲೆ ಬೇಕಂತಲೇ ವಾಂತಿ ಮಾಡುತ್ತೀರಾ? ಭೇದಿ ಮಾತ್ರೆ ತೊಗೊಳ್ಳುತ್ತೀರಾ? ಮೂರು ಹೊತ್ತು ಸರಿಯಾಗಿ ಊಟ ಮಾಡಿದ ದಿನವೂ ಹೀಗೆ ಹಿಡಿತ ತಪ್ಪುತ್ತದಾ? ಮೂರಕ್ಕೂ ಇಲ್ಲ ಅಂದರು. ಹೌದು ಅಂದಿದ್ದರೆ ಡಯಟ್ ಮಾತನ್ನು ಅಲ್ಲೇ ನಿಲ್ಲಿಸಿ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಅದು ಬೇರೆಯೇ ತೊಂದರೆ, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಓದುತ್ತಿರುವವರಲ್ಲಿ ಯಾರಿಗಾದರೂ ಈ ಮೂರರಲ್ಲಿ ಒಂದಕ್ಕೆ ಹೌದು ಅನ್ನಿಸಿದರೆ ದಯವಿಟ್ಟು ಮೊದಲು ಅಲ್ಲಿಗೆ ಹೋಗಿ, ತೂಕ ಆಮೇಲೆ ಇಳಿಸಬಹುದು.

"ಆದರೆ ಇಡೀ ದಿನ ತಿನ್ನೋದರ ಬಗ್ಗೆಯೇ ಯೋಚನೆ ಬರುತ್ತೆ ಮೇಡಂ, ಅದು ಮನಸ್ಸಿನ ತೊಂದರೆ ಅಲ್ವಾ?" ಅಂತ ಸುಮಾ ಕೇಳಿದರು. ಅವರಿಗೆ ಒಂದು ಹಳೆಯ ಪ್ರಯೋಗದ ವಿಷಯ ಹೇಳಿದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಎಲ್ಲರೂ ತಾವಾಗಿ ಒಪ್ಪಿ ಬಂದವರು, ಆರಿಸಿ ತೆಗೆದುಕೊಂಡವರು. ಕೆಲವೇ ವಾರಗಳಲ್ಲಿ ಅವರ ತಲೆಯಲ್ಲಿ ಊಟ ಬಿಟ್ಟು ಬೇರೆ ಯೋಚನೆ ಉಳಿಯಲಿಲ್ಲ. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ಸಿಡುಕುತ್ತಿದ್ದರು, ಕೆಲವರು ಕದ್ದು ತಿಂದು ಆಮೇಲೆ ಅಳುತ್ತಿದ್ದರು. ಹೊಟ್ಟೆಗೆ ಸಾಕಾಗದೇ ಇದ್ದಾಗ ಯಾರ ತಲೆಯಾದರೂ ಹೀಗೇ ಓಡುತ್ತದೆ. ಇದನ್ನು ಕೇಳಿ ಸುಮಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ನಾನು ಜಾಸ್ತಿ ತಿನ್ನಬೇಕಾ?" ಅಂದರು.

ಹೌದು, ಹಗಲು ಜಾಸ್ತಿ ತಿನ್ನಬೇಕು. ನಾನು ಕೊಟ್ಟ ಮೊದಲ ಸಲಹೆ ಇದೇ, ಉಳಿದ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ತರಕಾರಿ ಹೆಚ್ಚಿರುವ ಊಟ ಅಂದರೆ ತರಕಾರಿ ಮಾತ್ರದ ಊಟ ಅಲ್ಲ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸರ್ಕಾರಿ ಸಂಸ್ಥೆಯ ಅಧ್ಯಯನದಲ್ಲಿ 20 ಜನರಿಗೆ ಎರಡು ವಾರ ಕೊಬ್ಬು ಕಡಿಮೆ ಇರುವ ಸಸ್ಯಾಹಾರ, ಇನ್ನೆರಡು ವಾರ ಮಾಂಸ ಮತ್ತು ಕೊಬ್ಬು ಹೆಚ್ಚಿರುವ ಕೀಟೋ ಊಟ ಕೊಟ್ಟು, ಬೇಕಾದಷ್ಟು ತಿನ್ನಿ ಅಂತ ಬಿಟ್ಟರು. ಸಸ್ಯಾಹಾರ ತಿಂದ ದಿನಗಳಲ್ಲಿ ಜನ ತಾವಾಗಿಯೇ ದಿನಕ್ಕೆ ಸುಮಾರು 690 ಕ್ಯಾಲರಿ ಕಡಿಮೆ ತಿಂದರು, ಆದರೂ ಹಸಿವು ಜಾಸ್ತಿ ಆಯಿತು ಅನ್ನಲಿಲ್ಲ. ಸಣ್ಣ ಅಧ್ಯಯನ, ಕಡಿಮೆ ದಿನದ್ದು, ಇದೊಂದನ್ನೇ ನಂಬಿ ಕೂರಬೇಕಿಲ್ಲ. ಆದರೆ ಆ ತಟ್ಟೆಯಲ್ಲಿ ಕಡಲೆಕಾಳು ಇತ್ತು, ಸಿಹಿಗೆಣಸು ಇತ್ತು, ಹಣ್ಣಿತ್ತು. ಸುಮಾ ತಟ್ಟೆಯಲ್ಲಿ ಅದ್ಯಾವುದೂ ಇರಲಿಲ್ಲ.

ಹೊಸ ತಟ್ಟೆ ಹೀಗಿರಲಿ ಅಂತ ಮಾತಾಡಿಕೊಂಡೆವು. ಅರ್ಧ ಭಾಗ ತರಕಾರಿ, ಅದನ್ನು ಕಡಿಮೆ ಮಾಡುವುದು ಬೇಡ. ಮಧ್ಯಾಹ್ನವೂ ರಾತ್ರಿಯೂ ಬೇಯಿಸಿದ ಕಾಳು ಅಥವಾ ಬೇಳೆ ಒಂದು ಕಪ್, ಅಂದರೆ ಸುಮಾರು 200 ಗ್ರಾಂ. ಅದರಲ್ಲಿ ಹದಿನೈದು ಗ್ರಾಂ ಮೇಲೆ ಪ್ರೋಟೀನ್, 230 ಕ್ಯಾಲರಿ ಆಸುಪಾಸು, ನಾರಿನಂಶವೂ ಧಾರಾಳ. ಬೇಕಾದರೆ ತೋಫು, ಅಂದರೆ ಸೋಯಾ ಹಾಲಿನಿಂದ ಮಾಡುವ ಪನೀರಿನಂಥದ್ದು. ಮುಷ್ಟಿಯಷ್ಟು ತವುಡು ತೆಗೆಯದ ಇಡೀ ಧಾನ್ಯ. ಒಂದು ಟೀ ಚಮಚ ಎಣ್ಣೆ. ಎಣ್ಣೆ ಅಂದ ಕೂಡಲೇ ಸುಮಾ ಬೇಡ ಅಂತ ಕೈ ಅಲ್ಲಾಡಿಸಿದರು. ಟೀ ಚಮಚಕ್ಕೆ 40 ಕ್ಯಾಲರಿ, ದೊಡ್ಡ ಚಮಚಕ್ಕೆ 120, ಆದ್ದರಿಂದ ಬಾಟಲಿಯಿಂದ ಸೀದಾ ಸುರಿಯಬೇಡಿ, ಅಳೆದು ಹಾಕಿ. ಆದರೆ ಸ್ವಲ್ಪವಾದರೂ ಇರಲಿ, ಕ್ಯಾರೆಟ್ಟು ಸೊಪ್ಪಿನಲ್ಲಿರುವ ಕೆಲವು ಜೀವಸತ್ವಗಳು ಮೈಗೆ ಹತ್ತಬೇಕಾದರೆ ಜೊತೆಗೆ ಕೊಬ್ಬು ಬೇಕು, ರುಚಿಗೂ ಬೇಕು. ಬೀಜಗಳು ದಿನಕ್ಕೆ ಒಂದು ಸಣ್ಣ ಹಿಡಿ, ಡಬ್ಬಿಯಿಂದ ತೆಗೆದು ಬಟ್ಟಲಿಗೆ ಹಾಕಿಕೊಂಡು, ಕೂತು ತಿನ್ನುವುದು.

ಕಾಳನ್ನು ಒಂದೇ ದಿನಕ್ಕೆ ಅಷ್ಟು ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ಅದಕ್ಕೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಮೊದಲ ವಾರ ಕಾಲು ಕಪ್, ಆಮೇಲೆ ಅರ್ಧ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ. ನೀರು ಜಾಸ್ತಿ ಕುಡಿಯಿರಿ.

ರುಚಿಯ ವಿಷಯಕ್ಕೆ ನಾನು ಒಂದು ಇಡೀ ಭೇಟಿಯನ್ನೇ ಕೊಟ್ಟೆ. ಇದು ಸಲಹೆಗಾರರ ಕೆಲಸವಾ ಅಂತ ಯಾರಾದರೂ ಕೇಳಬಹುದು. ನನ್ನ ಪ್ರಕಾರ ಹೌದು. ರುಚಿ ಇಲ್ಲದ್ದನ್ನು ಯಾರೂ ವರ್ಷಗಟ್ಟಲೆ ತಿನ್ನುವುದಿಲ್ಲ, ತಿನ್ನಬೇಕಾಗಿಯೂ ಇಲ್ಲ. ಸುಮಾ ಹೂಕೋಸನ್ನು ನೀರಿನಲ್ಲಿ ಬೇಯಿಸಿ, ಉಪ್ಪು ಉದುರಿಸಿ, ಔಷಧಿ ತರಹ ನುಂಗುತ್ತಿದ್ದರು. ಹೂಕೋಸನ್ನು ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒದ್ದೆ ಇದ್ದರೆ ಅದು ಬೇಯುತ್ತದೆ, ಕೆಂಪಗಾಗುವುದಿಲ್ಲ. ಅಗಲದ ಬಾಣಲೆ ಚೆನ್ನಾಗಿ ಕಾಯಲಿ, ಅಳೆದ ಎಣ್ಣೆ ಹಾಕಿ, ಹೋಳುಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಮೂರ್ನಾಲ್ಕು ನಿಮಿಷ ಕೈ ಹಾಕಬೇಡಿ. ಅಡಿ ಕೆಂಪಗಾಗಿ ಘಮ್ ಅಂದ ಮೇಲೆ ತಿರುವಿ. ಇಳಿಸುವಾಗ ಉಪ್ಪು, ಕಾಳುಮೆಣಸು, ನಿಂಬೆರಸ, ಮೇಲೆ ಒಂದು ಚಮಚ ಹುರಿದ ಎಳ್ಳು. ಕುಂಬಳಕಾಯಿ, ಎಲೆಕೋಸು, ಬೀನ್ಸ್ ಎಲ್ಲಕ್ಕೂ ಇದೇ ಉಪಾಯ ನಡೆಯುತ್ತದೆ. ಮುಂದಿನ ವಾರ ಬಂದು, ಮಗ ನನ್ನ ತಟ್ಟೆಯಿಂದ ಕದ್ದು ತಿಂದ ಅಂತ ನಗುತ್ತಾ ಹೇಳಿದರು. ನಿಂಬೆರಸಕ್ಕೆ ಇನ್ನೊಂದು ಲಾಭವೂ ಇದೆ, ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹೀರಿಕೊಳ್ಳಲು ಅದು ನೆರವಾಗುತ್ತದೆ. ಊಟದ ಜೊತೆಯ ಟೀ ಕಾಫಿ ಅದನ್ನೇ ತಡೆಯುತ್ತದೆ, ಒಂದು ಗಂಟೆ ಬಿಟ್ಟು ಕುಡಿದರೆ ಒಳ್ಳೆಯದು.

ಇನ್ನು ಸಂಜೆ ಏಳು ಗಂಟೆ. ದಣಿದು ಬಂದಾಗ "ನಾನು ಆರೋಗ್ಯಕರವಾಗಿ ತಿನ್ನುತ್ತೇನೆ" ಅನ್ನುವ ಸಂಕಲ್ಪ ಕೈ ಹಿಡಿಯುವುದಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಅವರು ತೋರಿಸಿದ ಒಂದು ವಿಧಾನ ಇದೆ: ಹೀಗಾದಾಗ ಹೀಗೆ ಮಾಡುತ್ತೇನೆ ಅಂತ ಮೊದಲೇ ಖಚಿತವಾಗಿ ಬರೆದಿಟ್ಟುಕೊಳ್ಳುವುದು. ಸುಮಾ ಬರೆದದ್ದು: "ಮನೆಗೆ ಬಂದು ಬ್ಯಾಗ್ ಇಟ್ಟ ಕೂಡಲೇ ಫ್ರಿಜ್ಜಿನೊಳಗೆ ಮೇಲಿನ ಶೆಲ್ಫಿನಲ್ಲಿರುವ ಬೇಯಿಸಿದ ಕಾಳು ಒಂದು ಸಣ್ಣ ಬಟ್ಟಲು ತಿನ್ನುತ್ತೇನೆ, ಆಮೇಲೆ ಅಡುಗೆ ಶುರು ಮಾಡುತ್ತೇನೆ." ಇದಕ್ಕೆ ಆ ಕಾಳು ಅಲ್ಲಿ ಇರಬೇಕಲ್ಲ. ಭಾನುವಾರ, ಬುಧವಾರ ಎರಡು ಸಲ ಕಾಳು ಬೇಯಿಸಿಡುವುದು, ತರಕಾರಿ ಹೆಚ್ಚಿಡುವುದು. ಸಮಯ ಸಿಗದ ವಾರ ಫ್ರೀಜ್ ಮಾಡಿದ ಬಟಾಣಿ, ಬೀನ್ಸ್ ತಂದರೂ ನಡೆಯುತ್ತದೆ, ಪೋಷಕಾಂಶದಲ್ಲಿ ಅವು ತಾಜಾ ತರಕಾರಿಗೆ ಹೆಚ್ಚುಕಡಿಮೆ ಸಮ.

ಗಂಡನನ್ನೂ ಒಂದು ಸಲ ಕರೆಸಿದೆ. ಒಳ್ಳೆಯವರೇ, ಹೆಂಡತಿಯ ಆರೋಗ್ಯದ ಬಗ್ಗೆ ಕಾಳಜಿ ಇದೆ. ಆದರೆ ಆಕೆ ಒಂದು ಬಿಸ್ಕತ್ತು ತೊಗೊಂಡರೆ ಸಾಕು, "ಇದು ನಿನ್ನ ಡಯಟ್‌ನಲ್ಲಿ ಇದೆಯಾ?" ಅನ್ನುತ್ತಿದ್ದರು. ಅದರಿಂದ ಎಲ್ಲರ ಮುಂದೆ ತಿನ್ನುವುದು ನಿಂತಿತು, ಒಬ್ಬರೇ ಇದ್ದಾಗ ತಿನ್ನುವುದು ಶುರುವಾಯಿತು. ಊಟದ ಬಗ್ಗೆ ಒಂದು ಮಾತೂ ಆಡಬೇಡಿ, ಆ ಬದಲು ಬುಧವಾರದ ತರಕಾರಿ ಹೆಚ್ಚುವ ಕೆಲಸ ನೀವು ವಹಿಸಿಕೊಳ್ಳಿ ಅಂದೆ. ವಹಿಸಿಕೊಂಡರು. ಸುಮಾಗೆ ಎರಡು ಅಡುಗೆ ಮಾಡುವುದೂ ತಪ್ಪಿತು: ಕಾಳು, ತರಕಾರಿ ಎಲ್ಲರಿಗೂ ಒಂದೇ, ಬೇಕಾದವರು ಜೊತೆಗೆ ಬೇರೆ ಏನಾದರೂ ಹಾಕಿಕೊಳ್ಳುತ್ತಾರೆ.

ಎಲ್ಲಕ್ಕಿಂತ ಕಷ್ಟವಾದದ್ದು "ಎಲ್ಲಾ ಹಾಳಾಯಿತು" ಅನ್ನುವ ಯೋಚನೆ. ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ, ಒಂದು ತುಂಡು ಕೇಕ್ ತಿಂದರು. ಅದು ಸುಮಾರು 300 ಕ್ಯಾಲರಿ, ಅಷ್ಟೇ. ಆದರೆ ಹಾಳಾಗಿದೆಯಲ್ಲ ಅಂತ ರಾತ್ರಿ ತನಕ ತಿಂದದ್ದು ಅದರ ಹಲವು ಪಟ್ಟು. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು ಹೊಸ ಅಭ್ಯಾಸ ಬೇರೂರಲು ಎಷ್ಟು ದಿನ ಬೇಕು ಅಂತ 96 ಜನರನ್ನು ಗಮನಿಸಿದ್ದರು. ಹತ್ತಿರ ಹತ್ತಿರ 66 ದಿನ ಅಂತ ಬಂತು, ಆದರೆ ಕೆಲವರಿಗೆ 18, ಇನ್ನು ಕೆಲವರಿಗೆ 254ರ ಲೆಕ್ಕ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಆದ್ದರಿಂದ ನಮ್ಮ ನಿಯಮ ಒಂದೇ: ಕೇಕ್ ತಿಂದಿರಾ, ಮುಂದಿನ ಊಟ ಎಂದಿನ ಹಾಗೆ. ಅದನ್ನು ಸರಿದೂಗಿಸಲು ಉಪವಾಸ ಬೇಡ, ಜ್ಯೂಸ್ ಬೇಡ.

ತೂಕದ ಯಂತ್ರವೂ ಅವರನ್ನು ಅಳಿಸುತ್ತಿತ್ತು. ಉಪ್ಪು ಜಾಸ್ತಿ ಇದ್ದ ಊಟದ ಮರುದಿನ ಒಂದು ಕೆಜಿ ಏರಿದರೆ ಅದು ನೀರು. ಒಂದು ಕೆಜಿ ಕೊಬ್ಬು ಸೇರಬೇಕಾದರೆ ಬೇಕಾದದ್ದಕ್ಕಿಂತ ಸುಮಾರು 7,700 ಕ್ಯಾಲರಿ ಹೆಚ್ಚು ತಿನ್ನಬೇಕು, ಒಂದು ರಾತ್ರಿಯಲ್ಲಿ ಅದು ಆಗುವ ಮಾತಲ್ಲ. ದಿನಾ ನೋಡುವುದಾದರೆ ವಾರದ ಸರಾಸರಿ ನೋಡಿ, ಇಲ್ಲವಾದರೆ ವಾರಕ್ಕೊಮ್ಮೆ ಸಾಕು.

ಹಾಲು ಮೊಟ್ಟೆ ಪೂರ್ತಿ ಬಿಟ್ಟವರು ವಿಟಮಿನ್ ಬಿ12 ವಿಷಯದಲ್ಲಿ ಉದಾಸೀನ ಮಾಡಲೇಬಾರದು. ಸಸ್ಯಗಳಲ್ಲಿ ಅದು ನೆಚ್ಚಿಕೊಳ್ಳುವ ಪ್ರಮಾಣದಲ್ಲಿ ಸಿಗುವುದಿಲ್ಲ. ದೇಹದಲ್ಲಿ ವರ್ಷಗಳಿಗಾಗುವಷ್ಟು ಸಂಗ್ರಹ ಇರುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ, ಸುಸ್ತು, ಕೈಕಾಲು ಜುಮ್ಮೆನ್ನುವುದು, ಮರೆವು ಹೀಗೆ. ಸುಮಾ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರ್ ಹೇಳಿದ ಮಾತ್ರೆ ತೊಗೊಳ್ಳುತ್ತಿದ್ದಾರೆ. ಇದನ್ನು ಓದಿ ನೀವೂ ಶುರು ಮಾಡುವುದಾದರೆ ಒಂದು ಮಾತು: ಸಕ್ಕರೆ ಕಾಯಿಲೆಗೆ ಔಷಧಿ ಅಥವಾ ಇನ್ಸುಲಿನ್ ತೊಗೊಳ್ಳುವವರು, ಕಿಡ್ನಿ ತೊಂದರೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೊಗೊಳ್ಳುವವರು, ಬಸುರಿಯರು, ಮೊದಲು ಡಾಕ್ಟರನ್ನು ಕೇಳಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ ಕೆಲಸವನ್ನು ಕಡಿಮೆ ಮಾಡುತ್ತದೆ. ಇದ್ದಕ್ಕಿದ್ದ ಹಾಗೆ ಸೊಪ್ಪು ಏರಿಸಬಾರದು.

ಎಂಟು ತಿಂಗಳಾದ ಮೇಲೆ ಸುಮಾ ತೂಕ 77 ಕೆಜಿ. ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಸಕ್ಕರೆ, ರಕ್ತದೊತ್ತಡಕ್ಕೆ ಒಳ್ಳೆಯದಾಗುತ್ತದೆ ಅಂತ ವೈದ್ಯರು ಹೇಳುತ್ತಾರೆ, ಇವರದು ಎಂಟು ದಾಟಿದೆ. ರಾತ್ರಿ ತಿನ್ನುವುದು ಪೂರ್ತಿ ನಿಂತಿಲ್ಲ, ಯಾವಾಗಲೋ ಒಮ್ಮೆ ಆಗುತ್ತದೆ, ಮಾರನೇ ದಿನ ಎಂದಿನ ತಿಂಡಿ ತಿನ್ನುತ್ತಾರೆ. ಈಗ ಕೆಲವು ವಾರಗಳಿಂದ ತೂಕ ಅಲ್ಲಾಡಿಲ್ಲ. ಮಧ್ಯಾಹ್ನದ ಕಾಳು ಅರ್ಧ ಮಾಡಲಾ ಅಂತ ಕೇಳಿದರು. ಬೇಡ ಅಂದೆ. ತೂಕ ಇಳಿದ ದೇಹಕ್ಕೆ ಮೊದಲಿಗಿಂತ ಕಡಿಮೆ ಕ್ಯಾಲರಿ ಸಾಕು, ಆದ್ದರಿಂದ ಒಂದು ಹಂತದಲ್ಲಿ ಹೀಗೆ ನಿಲ್ಲುವುದು ಸಹಜ. ಕೈ ಹಾಕುವುದಾದರೆ ಎಣ್ಣೆ, ಬೀಜದ ಅಳತೆ ಸಡಿಲ ಆಗಿದೆಯಾ ನೋಡಿ, ನಡಿಗೆ ಹೆಚ್ಚಿಸಿ, ವಾರಕ್ಕೆ ಎರಡು ಸಲ ಸ್ನಾಯುಗಳಿಗೆ ವ್ಯಾಯಾಮ ಕೊಡಿ. ಮಗಳ ಪರೀಕ್ಷೆ ಮುಗಿಯುವ ತನಕ ಇದ್ದ ತೂಕವನ್ನೇ ಹಾಗೇ ಉಳಿಸಿಕೊಂಡರೆ ಸಾಕಾ ಅಂತ ಕೇಳಿದರು. ಸಾಕು ಅಂದೆ. ಮುಂದಿನ ಭೇಟಿ ಪರೀಕ್ಷೆ ಮುಗಿದ ವಾರಕ್ಕೆ ಇಟ್ಟುಕೊಂಡಿದ್ದೇವೆ.