ಬೋರ್ಡ್ ಹಾಗೇ ಇರಲಿ, ಪ್ರೊಸೆಸರ್ ಬದಲಿಸಿ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ 2019ರದ್ದು. ರೈಜನ್ 5 2600, ಬಿ450 ಬೋರ್ಡ್, 3200ರ 16 ಜಿಬಿ ರ‍್ಯಾಮ್. ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ, ರಾತ್ರಿ ಸ್ವಲ್ಪ ಗೇಮ್. ಅಂಗಡಿಯವರು ಬೋರ್ಡ್, ರ‍್ಯಾಮ್ ಎಲ್ಲ ಬದಲಿಸಿ ಅಂತಾರೆ. ರೈಜನ್ 5 5600 ಹಾಕಿಸಿ 5 ಗಿಗಾಹರ್ಟ್ಸ್‌ಗೆ ಓವರ್‌ಕ್ಲಾಕ್ ಮಾಡಿದರೆ (ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸಿದರೆ) ಸಾಕಲ್ವಾ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಎಎಂಡಿಯ ಹೊಸ ಎಎಂ5 ಸಾಕೆಟ್‌ಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೋದರೆ ಹೊಸ ಬೋರ್ಡೂ ಬೇಕು, ಡಿಡಿಆರ್5 ರ‍್ಯಾಮೂ ಬೇಕು. ಆದರೆ ಎಎಂ4 ಸಾಕೆಟ್ ಇರುವ ನಿಮ್ಮ ಬಿ450 ಬೋರ್ಡಿಗೆ 5000 ಸರಣಿಯ ಚಿಪ್ ಕೂರುತ್ತದೆ, ಅಷ್ಟು ಖರ್ಚು ಸುಮ್ನೆ ಯಾಕೆ?

5600 ಒಳ್ಳೆಯದೇ, ಆದರೆ ಅದರಲ್ಲೂ 6 ಕೋರ್, ನಿಮ್ಮ ಹಳೆಯದರಲ್ಲೂ 6. ಹೊಟ್ಟೆಪಾಡು ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡುವ ಕೆಲಸ) ಮೇಲೆ ನಿಂತಿರುವಾಗ 8 ಕೋರಿನ 5700ಎಕ್ಸ್ ತಗೊಳ್ಳಿ. ಇದೂ 65 ವ್ಯಾಟಿನದೇ. ಬಾಕ್ಸಿನಲ್ಲಿ ಕೂಲರ್ ಬರುವುದಿಲ್ಲ, ಬೇರೆ ಕೊಳ್ಳಬೇಕು, ಅಲ್ಲಿ ಮಾತ್ರ ಜುಗ್ಗತನ ಮಾಡಬೇಡಿ.

ಇನ್ನು 5 ಗಿಗಾಹರ್ಟ್ಸ್. ಅದನ್ನು ಮರೆತುಬಿಡಿ. 5700ಎಕ್ಸ್ ತಾನಾಗಿಯೇ 4.6ರವರೆಗೆ ಏರುತ್ತದೆ. ಎಲ್ಲ ಕೋರನ್ನೂ 5ಕ್ಕೆ ಕಟ್ಟಿಹಾಕಲು ವೋಲ್ಟೇಜ್ ಏರಿಸುತ್ತಾ ಹೋದರೆ ಶಾಖ ಅದಕ್ಕಿಂತ ಬೇಗ ಏರುತ್ತದೆ, ಅದೂ ಬಳ್ಳಾರಿಯ ಏಪ್ರಿಲ್‌ನಲ್ಲಿ, ಚಿಪ್ಪಿನ ಮಿತಿ 90 ಡಿಗ್ರಿ ಅಂತ ಗೊತ್ತಿದ್ದೂ! ಅದರ ಬದಲು ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸಾಫ್ಟ್‌ವೇರ್) ಪ್ರೊಸೆಸರ್ ವೇಗ ಹೊಂದಿಸುವ ಪಿಬಿಒ ಮೆನುವಿನೊಳಗೆ ಕರ್ವ್ ಆಪ್ಟಿಮೈಜರ್ ಇದೆಯಾ ನೋಡಿ, ಇದ್ದರೆ ನೆಗೆಟಿವ್ 10ರಿಂದ ಶುರು ಮಾಡಿ. ಕಡಿಮೆ ವೋಲ್ಟೇಜಿನಲ್ಲಿ ಅಷ್ಟೇ ವೇಗ ಸಿಗುವುದರಿಂದ ಚಿಪ್ ತಣ್ಣಗಿದ್ದು ಜಾಸ್ತಿ ಹೊತ್ತು ಮೇಲೆ ನಿಲ್ಲುತ್ತದೆ. ಇಲ್ಲೊಂದು ತಮಾಷೆ ಇದೆ: ಕರ್ವ್ ಅತಿಯಾದರೆ ಎಷ್ಟೋ ಸಲ ರೆಂಡರ್ ಮಾಡುವಾಗ ಏನೂ ಆಗುವುದಿಲ್ಲ, ಸಿಸ್ಟಂ ಖಾಲಿ ಕೂತಿದ್ದಾಗ ತಟ್ಟನೆ ರೀಸ್ಟಾರ್ಟ್ ಆಗುತ್ತದೆ. ಹಾಗಾದರೆ ಐದು ಅಂಕ ಹಿಂದೆ ಬನ್ನಿ.

ಹೊಸ ಚಿಪ್ಪನ್ನು ಬೋರ್ಡ್ ಗುರುತಿಸಲು ಬೇಕಾದ ಬಯಾಸ್ ಅಪ್‌ಡೇಟನ್ನು ಹಳೇ ಪ್ರೊಸೆಸರ್ ಇರುವಾಗಲೇ ಮಾಡಿ, ಯುಪಿಎಸ್ ಇಲ್ಲದೆ ಮಾತ್ರ ಬೇಡ, ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು. ಅಪ್‌ಡೇಟ್ ಆದಮೇಲೆ ಸೆಟ್ಟಿಂಗ್ಸ್ ಎಲ್ಲ ಸಾಮಾನ್ಯವಾಗಿ ಅಳಿಸಿ ಕಂಪನಿ ಸೆಟ್ಟಿಂಗಿಗೆ ಮರಳುತ್ತವೆ, ಮೆಮೊರಿಯನ್ನು ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ವೇಗ ಒಮ್ಮೆ ನೋಡಿ, 3200ರ ಬದಲು 2400 ಅಂತಿದ್ದರೆ ಇಷ್ಟು ವರ್ಷ ಕಾಸು ಕೊಟ್ಟ ವೇಗವನ್ನು ನೀವು ಬಳಸಿಯೇ ಇಲ್ಲ.

ಹಳೇ ಕೂಲರ್ ಬಿಚ್ಚುವ ಮುಂಚೆ ಹತ್ತು ನಿಮಿಷ ಒಂದು ರೆಂಡರ್ ಓಡಿಸಿ, ಪ್ರೊಸೆಸರಿಗೂ ಕೂಲರಿಗೂ ನಡುವಿನ ಪೇಸ್ಟ್ ಬಿಸಿಯಾಗಿ ಮೆತ್ತಗಾಗಲಿ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಅತ್ತಿತ್ತ ತಿರುಗಿಸಿ ಎತ್ತಿ. ನಾನು ಹೀಗೆ ಮಾಡದೆ ನೇರ ಎಳೆದಿದ್ದೆ. ಲಾಕ್ ಹಾಕಿದ್ದ ಪ್ರೊಸೆಸರೇ ಕೂಲರಿಗೆ ಅಂಟಿಕೊಂಡು ಮೇಲೆ ಬಂತು, ಮೂರು ಪಿನ್ ಬಾಗಿದ್ದವು. ಕಡ್ಡಿ ತೆಗೆದ ಪೆನ್ ಪೆನ್ಸಿಲಿನ ತೂತಿಗೆ ಒಂದೊಂದೇ ಪಿನ್ ಸಿಕ್ಕಿಸಿ ನೇರ ಮಾಡುವಷ್ಟರಲ್ಲಿ ಮಧ್ಯಾಹ್ನದ ಊಟ ತಪ್ಪಿತ್ತು.