ಆಲ್ಫಾ 0.86 ಬಂತು, ಸರಿ, ಅಳೆದದ್ದೇನು?

ಪ್ರಶ್ನೆ: ಕೊಂಕಣಿ ಮನೆಮಾತಿನ ಆರನೆಯ ತರಗತಿ ಮಕ್ಕಳಿಗಾಗಿ 40 ಬಹುಆಯ್ಕೆ ಪ್ರಶ್ನೆಗಳ ಕನ್ನಡ ಪದಸಂಪತ್ತಿನ ಪರೀಕ್ಷೆ ರಚಿಸಿದ್ದೇನೆ. ಪಟ್ಟಿ ಲಗತ್ತಿಸಿದೆ. ಕ್ರೋನ್‌ಬಾಕ್ ಆಲ್ಫಾ 0.86 ಬಂದಿದೆ. ಪರೀಕ್ಷೆ ಸಿಂಧು, ಅಂದರೆ ಅಳೆಯಬೇಕಾದ್ದನ್ನೇ ಅಳೆಯುತ್ತದೆ, ಎಂದು ವರದಿಯಲ್ಲಿ ಬರೆಯಬಹುದೇ? (ಶಿಕ್ಷಕಿ, ಕಾರವಾರ)

ಬರೆಯಬೇಡಿ. ಇದೇ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೋ ಲೆಕ್ಕ ತಪ್ಪಿದೆ. ನಿಮ್ಮ ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿವೆ ಎಂದಷ್ಟೇ ಆಲ್ಫಾ ಹೇಳುತ್ತದೆ. ಅವು ಅಳೆದದ್ದು ಕನ್ನಡವನ್ನೋ ಇನ್ನೇನನ್ನೋ ಎಂದು ಹೇಳುವುದಿಲ್ಲ. ‘0.8 ದಾಟಿದರೆ ಸಿಂಧು’ ಎಂದು ಕಾರ್ಯಾಗಾರಗಳಲ್ಲಿ ಮಂತ್ರ ಉಪದೇಶಿಸುವವರಿಗೆ ಶಾಲು ಹೊದೆಸುವುದನ್ನಾದರೂ ನಿಲ್ಲಿಸಿ.

ನಿಮ್ಮ ಪಟ್ಟಿಯಲ್ಲಿ ಪುಸ್ತಕ, ಕಾಗದ, ನಮಸ್ಕಾರ ಇವೆ. ಕೊಂಕಣಿಯಲ್ಲೂ ಅವು ಹೆಚ್ಚುಕಡಿಮೆ ಅವೇ. ಕನ್ನಡ ಕಲಿಯದೆಯೂ ಮಗು ಅಂಕ ಗಳಿಸುತ್ತದೆ. ಉಪ್ಪು, ನೇಗಿಲು ಕೇಳಿ ನೋಡಿ. ಮನೆಯಲ್ಲಿ ಅವು ಮೀಟ್, ನಾಂಗರ್. ಹಾಗೆಂದು ಸಮಾನ ಪದಗಳನ್ನೆಲ್ಲ ಕಿತ್ತುಹಾಕಬೇಡಿ, ಅವೂ ಕನ್ನಡವೇ. ಪಠ್ಯದಲ್ಲಿ ಅವುಗಳ ಪಾಲು ಎಷ್ಟೋ ಪರೀಕ್ಷೆಯಲ್ಲೂ ಅಷ್ಟೇ ಇರಲಿ, ಅವುಗಳ ಅಂಕಗಳನ್ನು ಮಾತ್ರ ಬೇರೆಯಾಗಿ ನೋಡಿ. ‘ಬಂಗುಡೆ’ ಎಂಬ ಮೀನಿನ ಹೆಸರನ್ನಂತೂ ತೆಗೆಯಿರಿ. ಅದು ಅಳೆಯುವುದು ಭಾಷೆಯನ್ನಲ್ಲ, ಅಡುಗೆಮನೆಯನ್ನು.

ನಾನೂ ಎಡವಿದವನೇ. ಶಿರಸಿಯ ಕಡೆಯ ಮಕ್ಕಳಿಗೆ ‘ಕೊನೆ’ ಎಂಬ ಪದ ಕೊಟ್ಟು ‘ಅಂತ್ಯ’ ಎಂಬುದನ್ನು ಸರಿಯುತ್ತರವಾಗಿ ಇಟ್ಟಿದ್ದೆ. ಆಯ್ಕೆಗಳಲ್ಲಿ ‘ಗೊಂಚಲು’ ಕೂಡ ಇತ್ತು. ಅಲ್ಲಿ ಅಡಿಕೆ ಗೊಂಚಲಿಗೂ ‘ಕೊನೆ’ ಎನ್ನುತ್ತಾರೆ. ಅದನ್ನು ಕೊಯ್ಯುವ ಕೊನೆಗೌಡ ಮರವೇರುವುದನ್ನು ನೋಡುತ್ತಲೇ ಬೆಳೆದ ತೋಟದ ಮಕ್ಕಳು ಗೊಂಚಲಿಗೇ ಗುರುತು ಹಾಕಿದರು. ಚೆನ್ನಾಗಿ ಕನ್ನಡ ಬಲ್ಲವರದೇ ಅಂಕ ಕಳೆದಿದ್ದೆ.

ಆದ್ದರಿಂದ ಪರೀಕ್ಷೆ ಮುಗಿದ ದಿನವೇ ಹೆಚ್ಚು ಅಂಕದ ಮೂವರನ್ನು, ಕಡಿಮೆ ಅಂಕದ ಮೂವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ‘ಇದಕ್ಕೇ ಏಕೆ ಗುರುತು ಹಾಕಿದೆ?’ ಎಂದು ಕೇಳಿ. ‘ಅದೇ ಉದ್ದ ಇತ್ತು ಟೀಚರ್’ ಎಂಬ ಉತ್ತರ ಬಂದರೆ ಆಯ್ಕೆಗಳನ್ನು ತಿದ್ದಿ. ಜಾಣರು ತಪ್ಪಿ ಉಳಿದವರು ಸರಿ ಬರೆದ ಪ್ರಶ್ನೆ ಇದ್ದರೆ ಮೊದಲು ನಿಮ್ಮ ಉತ್ತರಸೂಚಿಯನ್ನೇ ಅನುಮಾನಿಸಿ. ನಾಲ್ಕು ಆಯ್ಕೆಗಳೆಂದರೆ ಬರೀ ಊಹೆಗೇ ಸರಾಸರಿ 10 ಅಂಕ ಸಿಗುತ್ತದೆ ಎಂಬುದೂ ನೆನಪಿರಲಿ. ಇಷ್ಟೆಲ್ಲ ಆದ ಮೇಲೂ ನೀವು ಹೇಳಬಹುದಾದದ್ದು ‘ಈ ಪಾಠಗಳ ಪದಗಳು ಎಷ್ಟು ಗೊತ್ತು’ ಎಂಬುದನ್ನು ಮಾತ್ರ. ಮಗುವಿಗೆ ಒಟ್ಟು ಎಷ್ಟು ಕನ್ನಡ ಪದ ಗೊತ್ತು ಎಂಬುದನ್ನಲ್ಲ.

ಭಾಷಾಕಲಿಕೆಯ ತಜ್ಞ ಪಾಲ್ ನೇಷನ್ ಅವರ 140 ಪ್ರಶ್ನೆಗಳ ಇಂಗ್ಲಿಷ್ ಪದಸಂಪತ್ತಿನ ಪರೀಕ್ಷೆಯನ್ನು ಅನುವಾದಿಸಿ, ಅಂಕವನ್ನು 100ರಿಂದ ಗುಣಿಸಿದರೆ ಕನ್ನಡ ಪದಸಂಪತ್ತು ಸಿಗುತ್ತದೆಯೇ? (ಹೊನ್ನಾವರ)

ಇಲ್ಲ. ಅಲ್ಲಿ ಇಂಗ್ಲಿಷ್ ಪದಕುಟುಂಬಗಳನ್ನು (ಒಂದು ಮೂಲಪದ, ಅದರಿಂದಾದ ರೂಪಗಳೆಲ್ಲ ಸೇರಿ ಒಂದು ಕುಟುಂಬ) ಬಳಕೆಯ ಕ್ರಮದಲ್ಲಿ ಸಾವಿರದಂತೆ 14 ಹಂತ ಮಾಡಿ, ತಲಾ 10 ಪದ ಆಯ್ದಿದ್ದಾರೆ. ಒಂದು ಪದ ನೂರು ಕುಟುಂಬಗಳ ಪ್ರತಿನಿಧಿ, ಅದಕ್ಕೇ 100ರ ಗುಣಾಕಾರ. ಅನುವಾದಿಸಿದರೆ ಆ ಲೆಕ್ಕ ಉಳಿಯುವುದಿಲ್ಲ. ಮನೆ, ಮನೆಗೆ, ಮನೆಯಿಂದ ಎಂಬುವು ಒಂದು ಪದವೋ ಮೂರೋ ಎಂದು ನೀವು ಮೊದಲು ತೀರ್ಮಾನಿಸಿ.

ಮೊಬೈಲ್ ಆ್ಯಪ್ ಮೂರೇ ನಿಮಿಷದಲ್ಲಿ ನನಗೆ 18 ಸಾವಿರ ಪದ ಗೊತ್ತು ಎಂದಿತು. ನಂಬಲೇ? (ಅಂಕೋಲಾ)

ಗಿಳಿಶಾಸ್ತ್ರದವನಾದರೂ ಇದಕ್ಕಿಂತ ಹೆಚ್ಚು ಹೊತ್ತು ಮಾತನಾಡಿಸುತ್ತಾನೆ.

ಪದಗಳ ಪಟ್ಟಿ ಕೊಟ್ಟು ‘ಗೊತ್ತು’, ‘ಗೊತ್ತಿಲ್ಲ’ ಎಂದಷ್ಟೇ ಕೇಳಿದರೆ ಸಾಕೇ? (ಕುಮಟಾ)

ನಡುನಡುವೆ ಕನ್ನಡದಲ್ಲೇ ಇಲ್ಲದ, ನೀವೇ ಕಟ್ಟಿದ ಪದಗಳನ್ನು ಸೇರಿಸಿದರೆ ಸಾಕು. ‘ಬೊಸಗಿಲು’ ಗೊತ್ತು ಎಂದವರ ಉಳಿದ ‘ಗೊತ್ತು’ಗಳಿಗೂ ಕತ್ತರಿ ಹಾಕಬಹುದು. ಆದರೆ ನೀವು ಕಟ್ಟಿದ ಪದ ಮಕ್ಕಳ ಮನೆಮಾತಿನಲ್ಲಿ ಇಲ್ಲವೆಂದು ಮೊದಲು ಅವರ ಅಜ್ಜಿಯರನ್ನು ಕೇಳಿಕೊಳ್ಳಿ.